ಅಜ್ಜನ ಬೋಗುಣಿ, ಹಾಲ್‌ಸ್ಟೈನನ ಪಾಕ

ಹೊಗೆಗೂಡು ತಪಾಸಣೆಗೆಂದು ಹಾಲ್‌ಸ್ಟೈನನ ಮನೆಗೆ ಹೋದ ದಿನ ಟೊರ್ಲೈಫ್ ತನ್ನ ಅಜ್ಜನ ಬೋಗುಣಿಯೊಳಗೆ ಕಂಡದ್ದು ಇಷ್ಟು: ಎರಡು ಕಾರಿನ ಬೀಗದ ಕೈ, ಹೊಗೆಸೊಪ್ಪಿನ ಒಂದು ಡಬ್ಬಿ, ತುಕ್ಕು ಹಿಡಿದ ಮೂರು ಸ್ಕ್ರೂ, ಮತ್ತು ನಾಯಿಗೆ ಕೊಡುವ ಜಂತುಹುಳದ ಮಾತ್ರೆ.

ಟೊರ್ಲೈಫ್ ಕೈಯಲ್ಲಿ ಮಸಿ ಗುಡಿಸುವ ಕುಂಚ ಹಿಡಿದುಕೊಂಡೇ ನಿಂತುಬಿಟ್ಟ.

"ಏನೋ, ಹೊಗೆಗೂಡು ನೋಡೋಕೆ ಬಂದ್ಯೋ, ಬೋಗುಣಿಗೆ ಕೈಮುಗಿಯೋಕೆ ಬಂದ್ಯೋ?" ಎಂದ ಹಾಲ್‌ಸ್ಟೈನ್.

"ಅದರಲ್ಲಿ ಜಂತುಹುಳದ ಮಾತ್ರೆ ಇದೆ."

"ಖಾಲಿ ಇಟ್ರೆ ಧೂಳು ಕೂರುತ್ತಲ್ಲ ಮಾರಾಯ. ಇನ್ನೊಂದು ವರ್ಷ ತಡ್ಕೋ. ಮೂರನೇ ಸಲಾನೂ ಗೆದ್ದೆ ಅಂದ್ರೆ ಅದು ನಂದೇ. ತಳಕ್ಕೊಂದು ತೂತು ಕೊರೆಸಿ, ವೈರು ಎಳೆದು, ಬೆಟ್ಟದ ಮೇಲಿನ ಮನೆಗೆ ತೂಗುದೀಪ ಮಾಡಿಸ್ತೀನಿ. ಬರ್ಚ್ ಮರದ ಬೇರು, ನೋಡು, ಒಳಗಿಂದ ಬೆಳಕು ಬಿದ್ರೆ ಏನ್ ಬಣ್ಣ ಬರುತ್ತೆ!"

ಟೊರ್ಲೈಫ್ ಏಣಿ ಹತ್ತಿ ಸೂರಿಗೆ ಹೋದ. ಇಳಿದು ಬಂದವನು ನಗರಸಭೆಯ ನಮೂನೆಯಲ್ಲಿ ಮೂರು ಲೋಪ ಬರೆದ. ಏಣಿಯ ಒಂದು ಮೆಟ್ಟಿಲು ಸಡಿಲ. ಒಲೆಯ ಮುಂದಿನ ತಗಡು ಎರಡು ಬೆರಳು ಕಿರಿದು. ಮೂರನೆಯದು ಏನೆಂದು ಅವನಿಗೇ ಸರಿಯಾಗಿ ತಿಳಿದಿರಲಿಲ್ಲ. ನಮೂನೆಯಲ್ಲಿ ಮೂರನೆಯ ಗೆರೆಯೊಂದು ಖಾಲಿ ಇತ್ತು, ಅಷ್ಟೇ. ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ಟೊರ್ಲೈಫ್ ಬ್ರಾಟ್‌ಲ್ಯಾಂಡ್ ಎಂಬ ಈ ಹೊಗೆಗೂಡು ತಪಾಸಣೆಗಾರ ಸರ್ಕಾರಿ ಕಾಗದದ ಮೇಲೆ ಸುಳ್ಳು ಬರೆದದ್ದು ಅದೊಂದೇ ಸಲ. ಅದಕ್ಕಾಗಿ ಪಶ್ಚಾತ್ತಾಪವಾಗಬಹುದು ಎಂದು ಕಾದು ನೋಡಿದ. ಆಗಲಿಲ್ಲ.

ಆ ಬೋಗುಣಿಯನ್ನು ಟೊರ್ಲೈಫನ ಅಜ್ಜ ಮಹಾಯುದ್ಧಕ್ಕೂ ಮುಂಚೆ, ಒಂದೇ ಚಳಿಗಾಲದಲ್ಲಿ ಕೊರೆದು ಕಣಿವೆಯ ಗುರಿಕಾರರ ಸಂಘಕ್ಕೆ ಕೊಟ್ಟದ್ದು. ಸೆಪ್ಟೆಂಬರಿನ ಮೊದಲ ಭಾನುವಾರ, ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾಗುವ ಮುನ್ನ, ಬೆಟ್ಟದ ಮೇಲೆ ಗುಂಡು ಹಾರಿಸುವ ಸ್ಪರ್ಧೆ. ಗೆದ್ದವನ ಮನೆಯಲ್ಲಿ ಬೋಗುಣಿ ಒಂದು ವರ್ಷ ಇರುತ್ತದೆ, ಮರುವರ್ಷ ಇನ್ನೊಬ್ಬನ ಮನೆಗೆ ಹೋಗುತ್ತದೆ. ಯಾರಾದರೂ ಮೂರು ಸಲ ಗೆದ್ದರೆ ಅದು ಅವನ ಸ್ವಂತ. ಎಂಬತ್ತು ಚಿಲ್ಲರೆ ವರ್ಷದಲ್ಲಿ ಹಾಗೆ ಮೂರು ಸಲ ಗೆದ್ದವರಿರಲಿಲ್ಲ. ಎರಡು ಸಲ ಗೆದ್ದವರೆಲ್ಲ ಮೂರನೆಯ ವರ್ಷ ಹೇಗೋ ಕಣ್ಣು ಮಂಜು, ಸೊಂಟ ನೋವು ಎಂದು ಸೋತುಬಿಡುತ್ತಿದ್ದರು. ಅದು ಮರ್ಯಾದೆಯ ಸೋಲೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಹಾಲ್‌ಸ್ಟೈನನಿಗೆ ಮಾತ್ರ ಇದು ಗೊತ್ತಿರಲಿಲ್ಲ. ಅವನು ಬೆಟ್ಟದ ಮೇಲೆ ರಜಾಮನೆಗಳಿಗೆ ನಿವೇಶನ ಮಾರುವವನು. ಒಂದು ವಸ್ತು ಊರಿಗೆಲ್ಲ ಸೇರಿದ್ದು ಎಂದರೆ ಅವನ ಕಣ್ಣಿಗೆ ಅದು ಇನ್ನೂ ಮಾರಾಟವಾಗದ ವಸ್ತು.

ಸಂಘದಲ್ಲಿ ಇನ್ನೊಂದು ಪದ್ಧತಿ ಇದೆ. ಇಲ್ಲಿ ಯಾರೂ ಅಂಗಡಿಯ ತೋಟಾ ಹಾರಿಸುವುದಿಲ್ಲ. ಒಮ್ಮೆ ಹಾರಿಸಿದ ಹಿತ್ತಾಳೆ ಚಿಪ್ಪನ್ನು ತಿಕ್ಕಿ ತೊಳೆದು, ತಳದ ತೂತಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತಿ ತಮ್ಮ ತೋಟಾವನ್ನು ತಾವೇ ಕಟ್ಟುತ್ತಾರೆ. ಯಾವ ಮದ್ದು, ಎಷ್ಟು ತೂಕ, ಗುಂಡು ಎಷ್ಟು ಆಳಕ್ಕೆ ಕೂರಬೇಕು ಎನ್ನುವ ಈ ಲೆಕ್ಕಕ್ಕೆ ಪಾಕ ಎನ್ನುತ್ತಾರೆ. ಒಬ್ಬನ ಪಾಕವನ್ನು ಇನ್ನೊಬ್ಬ ಕೇಳುವಂತಿಲ್ಲ. ಕೇಳುವುದು ಹೆಂಡತಿಯ ವಯಸ್ಸು ಕೇಳಿದಂತೆ. ಆದರೆ ಗೆದ್ದವನು ಮಾತ್ರ ಬೋಗುಣಿಯಲ್ಲಿ ಬಿಯರು ಕುಡಿಯುವ ಮುನ್ನ, ಎಲ್ಲರೆದುರು, ಸ್ವಂತ ಕೈಯಿಂದ ತನ್ನ ಪಾಕವನ್ನು ಸಂಘದ ಪುಸ್ತಕದಲ್ಲಿ ಬರೆಯಬೇಕು. ಬೋಗುಣಿ ಅವನಿಗೆ, ವಿದ್ಯೆ ಊರಿಗೆ.

ಹಿಂದಿನ ವರ್ಷ ಮೊದಲ ಸಲ ಗೆದ್ದಾಗ ಹಾಲ್‌ಸ್ಟೈನ್ ದುಂಡಗೆ ಬರೆದುಕೊಟ್ಟ. ಟೊರ್ಲೈಫನ ಬಂದೂಕೂ ಅದೇ ಜಾತಿಯದು, ನಳಿಗೆಯೂ ಅಷ್ಟೇ ಉದ್ದ. ಆ ಚಳಿಗಾಲವೆಲ್ಲ ಅವನು ಆ ಪಾಕದ್ದೇ ಇನ್ನೂರು ತೋಟಾ ಕಟ್ಟಿ ಹಾರಿಸಿದ. ಗುಂಡುಗಳು ಹೆದರಿದ ಕೋಳಿಮರಿಗಳ ಹಾಗೆ ಗುರಿಹಲಗೆಯ ತುಂಬ ಚದುರಿದವು. ಪುಸ್ತಕದ ಮೇಲೆ ಅನುಮಾನ ಪಡುವುದು ಟೊರ್ಲೈಫನಿಗೆ ಹೊಳೆಯಲೇ ಇಲ್ಲ. ನಳಿಗೆ ಸವೆದಿರಬೇಕು ಎಂದುಕೊಂಡು ಅಪ್ಪನ ಕಾಲದ ನಳಿಗೆಯನ್ನು ಬಿಚ್ಚಿ ಗುಜರಿಗೆ ಹಾಕಿಸಿ ಹೊಸದು ಕೂರಿಸಿದ. ಹೊಸ ನಳಿಗೆಯಲ್ಲೂ ಕೋಳಿಮರಿಗಳೇ. ಆ ಸೆಪ್ಟೆಂಬರಿನಲ್ಲಿ ಇಪ್ಪತ್ತೆರಡು ಜನರಲ್ಲಿ ಹತ್ತೊಂಬತ್ತನೆಯವನಾದ. ಹಾಲ್‌ಸ್ಟೈನ್ ಎರಡನೆಯ ಸಲ ಗೆದ್ದು, ಪುಸ್ತಕದಲ್ಲಿ "ಕಳೆದ ವರ್ಷದ್ದೇ" ಎಂದು ಬರೆದು, ಟೊರ್ಲೈಫನ ಬೆನ್ನು ತಟ್ಟಿದ. "ಹೊಗೆಗೂಡಲ್ಲಿ ಹಣಕಿ ಹಣಕಿ ಕಣ್ಣಿಗೆ ಮಸಿ ಹಿಡಿದಿರ್ಬೇಕು ಬಿಡೋ." ಎಲ್ಲರೂ ನಕ್ಕರು. ಟೊರ್ಲೈಫನೂ ನಕ್ಕ. ಆ ನಗು ಅವನ ಗಂಟಲಲ್ಲೇ ಉಳಿಯಿತು.

ತೂಗುದೀಪದ ಮಾತು ಕೇಳಿ ಬಂದ ವಾರವೇ ಟೊರ್ಲೈಫ್ ತೋಟಾ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ತರಿಸಿದ. ಗುಂಡಿನ ತೂಕ, ಮದ್ದಿನ ಹೆಸರು, ನಳಿಗೆಯ ಉದ್ದ ಎಲ್ಲ ತುಂಬಿಸಿದರೆ, ಒಳಗೆ ಒತ್ತಡ ಎಷ್ಟು ಏರುತ್ತದೆ, ಗುಂಡು ಎಷ್ಟು ವೇಗದಲ್ಲಿ ಹೊರಬೀಳುತ್ತದೆ ಎಂದು ಅದು ಗೆರೆ ಎಳೆದು ತೋರಿಸುತ್ತದೆ. ಹಸಿರಾದರೆ ಕ್ಷೇಮ, ಕೆಂಪಾದರೆ ಕೈಬೆರಳುಗಳಿಗೆ ವಿದಾಯ. ಆದರೆ ಮೊದಲು ಅದಕ್ಕೆ ಚಿಪ್ಪಿನ ಒಳಗಿನ ಜಾಗ ಎಷ್ಟೆಂದು ಹೇಳಬೇಕು. ಅದಕ್ಕೆ ಚಿಪ್ಪಿಗೆ ಅಂಚಿನವರೆಗೆ ನೀರು ತುಂಬಿ ತೂಗಬೇಕು. ಟೊರ್ಲೈಫ್ ಶಿಸ್ತಿನ ಮನುಷ್ಯ. ಹಾರಿಸಿದ ಹತ್ತು ಚಿಪ್ಪುಗಳ ಹಳೇ ಕೇಪುಗಳನ್ನೆಲ್ಲ ಮೊದಲು ಹೊಡೆದು ತೆಗೆದು, ಫಳಫಳ ಉಜ್ಜಿ, ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ನೀರು ಬಿಟ್ಟ. ಮೇಲಿನಿಂದ ಬಿಟ್ಟ ನೀರು ಕೆಳಗಿನ ತೂತಿನಿಂದ ಗುನ್ವೋರಳ ಮೇಜುಬಟ್ಟೆಗೆ ಇಳಿಯಿತು.

"ತೂತಿರೋ ಲೋಟಕ್ಕೆ ನೀರು ಹಾಕ್ತಿದ್ದೀಯಲ್ಲ. ಇದನ್ನೂ ಕಂಪ್ಯೂಟರೇ ಹೇಳಿಕೊಟ್ಟಿತಾ?" ಎಂದಳು ಹೆಂಡತಿ.

"ಕೇಪು ಹಾಗೇ ಬಿಡ್ಬೇಕಾಗಿತ್ತು."

"ಬೋಗುಣೀನೂ ಹಾಗೇ ಬಿಟ್ಟುಬಿಡಬಹುದಲ್ಲ?"

"ತಳಕ್ಕೆ ತೂತು ಕೊರೀತಾನಂತೆ, ಗುನ್ವೋರ್."

ಗುನ್ವೋರ್ ಒದ್ದೆಯಾದ ಮೇಜುಬಟ್ಟೆಯನ್ನೂ ಗಂಡನ ಮುಖವನ್ನೂ ಒಮ್ಮೆ ನೋಡಿದಳು. ನಂತರ ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದು ಹನಿ ತಂದು ಅವನ ಲೋಟಕ್ಕೆ ಬಿಟ್ಟಳು. "ಇದನ್ನ ಹಾಕು, ನೀರು ಅಂಚಲ್ಲಿ ಉಬ್ಬೋದಿಲ್ಲ. ಸರಿಯಾಗಿ ತೂಗು, ಮತ್ತೆ."

ಕೇಪು ಇದ್ದ ಚಿಪ್ಪುಗಳನ್ನು ತಂದು, ಸರಿಯಾಗಿ ತೂಗಿ, ಪ್ರೋಗ್ರಾಮಿಗೆ ಮೊದಲು ತುಂಬಿಸಿದ್ದು ಹಾಲ್‌ಸ್ಟೈನನ ಪಾಕವನ್ನೇ. ಪುಸ್ತಕದಲ್ಲಿದ್ದದ್ದು ಅಕ್ಷರಕ್ಕೆ ಅಕ್ಷರ. ಬಂದ ವೇಗ ನೋಡಿ ಟೊರ್ಲೈಫನಿಗೆ ಅನುಮಾನವಾಯಿತು. ತುಂಬ ಮಂದ. ತನ್ನ ಬಂದೂಕಿನಿಂದ ಹಿಂದೆ ಅಳೆದಾಗ ಬಂದದ್ದೂ ಅಷ್ಟೇ ವೇಗ. ಹಾಗಾದರೆ ತಪ್ಪು ಅಪ್ಪನ ನಳಿಗೆಯದಲ್ಲ.

ಮರುದಿನ ಸಂಘದ ಮನೆಗೆ ಹೋದ. ಗೋಡೆಯ ಮೇಲೆ ಗೆದ್ದವರ ಚಿತ್ರಗಳಿದ್ದವು. ಹಾಲ್‌ಸ್ಟೈನನ ಚಿತ್ರ ಉಳಿದವಕ್ಕಿಂತ ಎರಡು ಪಟ್ಟು ದೊಡ್ಡದು. ಅದನ್ನು ಅವನೇ ಕಟ್ಟು ಹಾಕಿಸಿ ಕೊಟ್ಟಿದ್ದ. ಒಂದು ಕೈಯಲ್ಲಿ ಬೋಗುಣಿ, ಇನ್ನೊಂದರಲ್ಲಿ ಬಂದೂಕು. ಬಂದೂಕಿನ ಹಿಡಿಗೆ ಅಂಟಿಸಿದ್ದ ಪುಟ್ಟ ಚೀಟಿಯಲ್ಲಿ ಯಾವ ದೂರಕ್ಕೆ ಗುರಿ ನೋಡುವ ದುರ್ಬೀನಿನ ತಿರುಪನ್ನು ಎಷ್ಟು ತಿರುಗಿಸಬೇಕೆಂಬ ಪಟ್ಟಿ. ಸಣ್ಣ ಚಿತ್ರವಾಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಟೊರ್ಲೈಫ್ ಕುರ್ಚಿ ಹತ್ತಿ, ಭೂತಗನ್ನಡಿ ಹಿಡಿದು ಆರುನೂರು ಮೀಟರಿನ ಅಂಕಿ ಓದಿಕೊಂಡ. ಮನೆಗೆ ಬಂದು ಲೆಕ್ಕ ಹಾಕಿಸಿದರೆ, ಅಷ್ಟೇ ತಿರುಗಿಸಿ ಗುರಿ ಮುಟ್ಟಬೇಕಾದರೆ ಗುಂಡು ಸೆಕೆಂಡಿಗೆ ನಲವತ್ತು ಮೀಟರ್ ಹೆಚ್ಚು ವೇಗದಲ್ಲಿ ಹೋಗಲೇಬೇಕಿತ್ತು. ಪುಸ್ತಕದ ಪಾಕಕ್ಕೆ ಅಂಥ ವೇಗ ಈ ಜನ್ಮದಲ್ಲಿ ಬರುವುದಿಲ್ಲ.

ಅಂದರೆ ಬರೆದದ್ದು ಸುಳ್ಳು. ಅದೂ ಎಂಥ ಸುಳ್ಳು! ಮದ್ದನ್ನು ಕಡಿಮೆ ಮಾಡಿ ಬರೆದ ಸುಳ್ಳು. ಯಾರ ಬಂದೂಕೂ ಸಿಡಿಯದಂತೆ, ಯಾರ ಗುರಿಯೂ ಮುಟ್ಟದಂತೆ ನೋಡಿಕೊಂಡು ಹೇಳಿದ, ಸುರಕ್ಷತಾ ನಿಯಮಗಳಿಗೆ ಒಳಪಟ್ಟ ಸುಳ್ಳು.

ಟೊರ್ಲೈಫ್ ಮುದ್ರಿಸಿದ ಕಾಗದಗಳ ಸಮೇತ ಓಸ್ತಾಳ ಮನೆಗೆ ಓಡಿದ. ಓಸ್ತಾಗೆ ಎಪ್ಪತ್ತೊಂಬತ್ತು, ನಲವತ್ತು ವರ್ಷದಿಂದ ಸಂಘದ ಕಾರ್ಯದರ್ಶಿ, ಪುಸ್ತಕ ಇರುವುದು ಅವಳ ಹತ್ತಿರವೇ. ಅವಳು ವಾಫ಼ಲ್ ಮೇಲೆ ಕಂದು ಚೀಸು ಹೆರೆದು ಅವನ ಮುಂದಿಟ್ಟು, ಕಾಗದಗಳನ್ನೆಲ್ಲ ಕೊನೆಯವರೆಗೂ ಓದಿದಳು.

"ಬಣ್ಣದ ಗೆರೆ ಚೆನ್ನಾಗಿದೆ," ಎಂದಳು.

"ಅವನು ಸುಳ್ಳು ಬರೆದಿದ್ದಾನೆ, ಓಸ್ತಾ! ನಮ್ಮ ಪುಸ್ತಕದಲ್ಲಿ!"

"ಬರೆದಿರಬಹುದು. ಆದ್ರೆ ಅವನ ಕೈಬರಹ ಒಂದು ಕಡೆ, ನಿನ್ನ ಕಂಪ್ಯೂಟರಿನ ಕನವರಿಕೆ ಇನ್ನೊಂದು ಕಡೆ. ಸಭೆ ಕರೆದ್ರೆ ಅವನು ಏನಂತಾನೆ ಗೊತ್ತಾ? ‘ಹತ್ತೊಂಬತ್ತನೆಯವನಿಗೆ ಹೊಟ್ಟೆಯುರಿ’ ಅಂತಾನೆ. ಜನ ನಗ್ತಾರೆ. ನೀನೂ ನಗ್ತೀಯ, ಹೋದ್ಸಲ ನಕ್ಕ ಹಾಗೆ."

"ಮತ್ತೆ ಏನ್ ಮಾಡ್ಲಿ?"

"ಗೆಲ್ಲು. ಸೆಪ್ಟೆಂಬರಿಗೆ ಇನ್ನೂ ಹತ್ತು ತಿಂಗಳಿದೆ. ಆ ವಾಫ಼ಲ್ ತಿನ್ನೋದಿದ್ರೆ ತಿನ್ನು, ಇಲ್ಲಾಂದ್ರೆ ನಾಯಿಗೆ ಹಾಕ್ತೀನಿ."

ಹಗೆ ಎಂಬುದು ಮನುಷ್ಯನನ್ನು ಸುಡುತ್ತದೆ ಎನ್ನುವವರು ಆ ವರ್ಷದ ಟೊರ್ಲೈಫನನ್ನು ನೋಡಬೇಕಿತ್ತು. ಬೆಳಗ್ಗೆ ಐದೂವರೆಗೆ ಎದ್ದು ಹಿಮದ ಮೇಲೆ ಗುಡ್ಡ ಹತ್ತಿದ. ರಕ್ತದೊತ್ತಡ ಇಳಿಯಿತು, ವೈದ್ಯರು ಕಾರಣ ಕೇಳಿದಾಗ "ಮನಸ್ಸಿಗೆ ನೆಮ್ಮದಿ" ಎಂದ. ನೆಲಮಾಳಿಗೆಯಲ್ಲಿ ಪ್ರೋಗ್ರಾಮಿನ ಮುಂದೆ ಕೂತು ಒಂದೊಂದೇ ಮದ್ದು, ಒಂದೊಂದೇ ಆಳ ಬದಲಿಸಿದ. ಅದು ಹೇಳಿದ್ದನ್ನು ಕಣ್ಣುಮುಚ್ಚಿ ನಂಬುವ ಪೆದ್ದನೇನೂ ಅವನಲ್ಲ. ಕಡಿಮೆ ತೂಕದಿಂದ ಹಿಡಿದು ಕೂದಲೆಳೆಯಷ್ಟೇ ಏರಿಸುತ್ತ ಹೋಗಿ, ಪ್ರತಿ ಶನಿವಾರ ಬಯಲಿನಲ್ಲಿ ವೇಗ ಅಳೆದು, ಮನೆಗೆ ಬಂದು ತಿದ್ದಿ, ಮತ್ತೆ ಕಟ್ಟಿದ. ಪ್ರೋಗ್ರಾಂ ಹೇಳಿದ ವೇಗಕ್ಕೂ ಬಯಲಿನಲ್ಲಿ ಬಂದ ವೇಗಕ್ಕೂ ನಡುವಿನ ಅಂತರ ಹನ್ನೆರಡು ಮೀಟರಿನಿಂದ ಐದಕ್ಕೆ, ಐದರಿಂದ ಎರಡಕ್ಕೆ ಇಳಿಯಿತು. ಜನವರಿಯ ಒಂದು ಶನಿವಾರ ಐದು ಗುಂಡುಗಳು ಒಂದು ನಾಣ್ಯದಡಿ ಅಡಗುವಷ್ಟು ಒತ್ತಾಗಿ ಕೂತವು. ಹಲಗೆಯ ಕಾಗದವನ್ನು ಮಡಿಸಿ ಎದೆಯ ಜೇಬಿಗಿಟ್ಟ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಟೊರ್ಲೈಫ್ ದೂರಾಲೋಚನೆಯ ಮನುಷ್ಯ. ಗೆದ್ದ ಮೇಲೆ ಪುಸ್ತಕದಲ್ಲಿ ಪಾಕ ಬರೆಯಬೇಕಲ್ಲ! ಅದನ್ನು ಹಾಲ್‌ಸ್ಟೈನ್ ಓದುತ್ತಾನಲ್ಲ! ಆದ್ದರಿಂದ ಅವನು ಒಂದು ಸುಳ್ಳು ಪಾಕದ ತಯಾರಿಗೂ ತೊಡಗಿದ. ನೋಡಲು ನಂಬುವಂತಿರಬೇಕು, ಯಾರಿಗೂ ಅಪಾಯವಾಗಬಾರದು, ಆದರೆ ಗುಂಡುಗಳು ಮಾತ್ರ ಜಾತ್ರೆಯಲ್ಲಿ ತಪ್ಪಿಸಿಕೊಂಡವರ ಹಾಗೆ ದಿಕ್ಕಾಪಾಲಾಗಬೇಕು. ನಿಜವಾದ ಪಾಕಕ್ಕೆ ಏಳು ವಾರ ಹಿಡಿದಿತ್ತು. ಸುಳ್ಳಿಗೆ ಒಂಬತ್ತು ಹಿಡಿಯಿತು.

"ಅಷ್ಟಗಲ ಚದುರಿವೆ, ನೀನು ನಗ್ತಿದ್ದೀಯಲ್ಲ!" ಎಂದಳು ಗುನ್ವೋರ್, ಹಲಗೆ ನೋಡಿ.

"ಇದು ನನಗಲ್ಲ. ಹಾಲ್‌ಸ್ಟೈನನಿಗೆ."

"ಅವನು ಎರಡು ಸಾಲು ಬರೆಯೋಕೆ ಎರಡು ನಿಮಿಷ ತಗೊಂಡ. ನೀನು ಎರಡು ತಿಂಗಳು ತಗೊಂಡೆ. ನಿಮ್ಮಿಬ್ಬರಲ್ಲಿ ಯಾರಿಗೆ ಹುಚ್ಚು ಹೆಚ್ಚು?"

ಟೊರ್ಲೈಫ್ ಪೆನ್ನು ಹುಡುಕಿದ. ಸುಳ್ಳು ಪಾಕವನ್ನು ಸಣ್ಣ ಚೀಟಿಯಲ್ಲಿ ಬರೆದು ಟೋಪಿಯ ಒಳಮಡಿಕೆಯಲ್ಲಿ ಸಿಕ್ಕಿಸಿಕೊಂಡ.

ಸೆಪ್ಟೆಂಬರಿನ ಆ ಭಾನುವಾರ ಬೆಟ್ಟದ ಮೇಲೆ ಮೋಡ ಮುಸುಕಿತ್ತು. ಸರೋವರದ ಕಡೆಯಿಂದ ಗಾಳಿ. ಇಪ್ಪತ್ನಾಲ್ಕು ಜನ, ತಲೆಗೆ ಹನ್ನೆರಡು ಗುಂಡು, ಕೊನೆಯ ಆರು ಗುಂಡಿಗೆ ಗುರಿ ಆರುನೂರು ಮೀಟರ್ ಆಚೆ. ಬೋಗುಣಿ ಓಸ್ತಾಳ ಮೇಜಿನ ಮೇಲಿತ್ತು. ಹಾಲ್‌ಸ್ಟೈನ್ ಅದನ್ನು ತೊಳೆದು ತಂದಿದ್ದ, ಆದರೂ ತಳದಲ್ಲಿ ಒಂದು ಸ್ಕ್ರೂ ಉಳಿದಿತ್ತು.

"ವೈರು ತಂದಿಟ್ಟಿದ್ದೀನಿ ಕಣೋ, ಮೂರು ಮೀಟರ್," ಎಂದ ಹಾಲ್‌ಸ್ಟೈನ್. "ದೀಪ ಹಚ್ಚೋ ದಿನ ನಿನ್ನನ್ನೂ ಕರೀತೀನಿ. ಸ್ವಿಚ್ಚು ನೀನೇ ಹಾಕು."

"ಬರ್ತೀನಿ," ಎಂದ ಟೊರ್ಲೈಫ್. "ಏಣಿಯ ಮೆಟ್ಟಿಲು ಸರಿಮಾಡಿಸಿದ್ಯಾ?"

ಹಾಲ್‌ಸ್ಟೈನ್ ಮೊದಲು ಮಲಗಿ ಹಾರಿಸಿದ. ಹೊಟ್ಟೆಗಿಚ್ಚಿಲ್ಲದೆ ಹೇಳಬೇಕೆಂದರೆ, ಚೆನ್ನಾಗಿಯೇ ಹಾರಿಸಿದ. ನೂರಿಪ್ಪತ್ತಕ್ಕೆ ನೂರ ಹದಿನೇಳು. ಎದ್ದು ಮೊಣಕಾಲಿನ ಹುಲ್ಲು ಕೊಡವಿಕೊಳ್ಳುತ್ತ ಬೋಗುಣಿಯ ಮುಂದೆ ಹೋಗಿ, ಬೆರಳಿಟ್ಟು ತಳದ ನಡುಭಾಗ ಎಲ್ಲಿ ಬರುತ್ತದೆಂದು ಅಳೆಯತೊಡಗಿದ.

ಟೊರ್ಲೈಫನ ಸರದಿ ಕೊನೆಯದು. ಹನ್ನೊಂದು ಗುಂಡು ಮುಗಿದಾಗ ನೂರೆಂಟು. ಉಳಿದದ್ದು ಒಂದು. ಒಂಬತ್ತು ಬಂದರೆ ಸಮ, ಇಬ್ಬರೂ ಮತ್ತೆ ಹಾರಿಸಬೇಕು. ಹತ್ತು ಬಂದರೆ ಬೋಗುಣಿ ಉಳಿಯಿತು. ಎಂಟಾದರೆ ತೂತು.

ಗಾಳಿಯ ದಿಕ್ಕು ತೋರಿಸುವ ಬಟ್ಟೆಪಟ್ಟಿ ಒಮ್ಮೆ ಚಾಚಿಕೊಂಡಿತು, ಒಮ್ಮೆ ಇಳಿಬಿತ್ತು. ಅವನು ಉಸಿರು ಬಿಟ್ಟು ಕಾದ. ಕಾಯುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ದುರ್ಬೀನಿನಲ್ಲಿ ಕಪ್ಪು ವೃತ್ತ ಕಂಡಿತು. ಅದು ಅವನ ಕಣ್ಣಿಗೆ ಬೋಗುಣಿಯ ತಳದಲ್ಲಿ ಕೊರೆದ ತೂತಿನಂತೆಯೇ ಕಂಡಿತು. ಆ ತೂತನ್ನು ಮುಚ್ಚುವವನಂತೆ ಬಂದೂಕಿನ ಕುದುರೆ ಎಳೆದ.

ಅಂಕ ತೋರಿಸಲು ಗುರಿಯ ಬಳಿ ಗುಂಡಿಯಲ್ಲಿ ಕೂತಿದ್ದವರು ತುಂಬ ಹೊತ್ತು ಏನೂ ತೋರಿಸಲಿಲ್ಲ. ಆಮೇಲೆ ಗುಂಡು ತಾಗಿದ ಜಾಗ ತೋರಿಸುವ ಬಿಳಿ ತಟ್ಟೆ ನಿಧಾನವಾಗಿ ಮೇಲೆ ಬಂದು ಕಪ್ಪಿನ ನಡುಮಧ್ಯಕ್ಕೆ ನಿಂತಿತು.

"ಹತ್ತು," ಎಂದಳು ಓಸ್ತಾ, ಹವಾಮಾನ ಓದುವ ದನಿಯಲ್ಲಿ. "ನೂರ ಹದಿನೆಂಟು. ಪುಸ್ತಕ ಇಲ್ಲಿದೆ, ಬಾ."

ಎಲ್ಲರೂ ಮೇಜಿನ ಸುತ್ತ ನೆರೆದರು. ಟೊರ್ಲೈಫ್ ಟೋಪಿ ತೆಗೆದ. ಒಳಮಡಿಕೆಯ ಚೀಟಿ ಹೆಬ್ಬೆರಳಿಗೆ ತಾಕಿತು. ಒಂಬತ್ತು ವಾರದ ಶ್ರಮ. ಪೆನ್ನು ಹಿಡಿದು ತಲೆಯೆತ್ತಿದರೆ ಎದುರಿಗೆ ಹಾಲ್‌ಸ್ಟೈನ್. ಸೋತ ಮುಖವೇನೋ ಸರಿಯೇ, ಆದರೆ ಅದರ ಅಂಚಿನಲ್ಲಿ ಒಂದು ಓರೆನಗು.

"ಬರಿ, ಬರಿ," ಎಂದ ಅವನು. "ನೀನೇನು ಬರೀತೀಯ ಅಂತ ನನಗೆ ಗೊತ್ತಿಲ್ವಾ?"

ಟೊರ್ಲೈಫನ ಪೆನ್ನು ಗಾಳಿಯಲ್ಲೇ ನಿಂತಿತು. ಇವನು ಈಗಾಗಲೇ ನಂಬಿಲ್ಲ! ಇನ್ನೂ ಒಂದು ಅಕ್ಷರ ಬರೆದಿಲ್ಲ, ಆಗಲೇ ಅದು ಸುಳ್ಳೆಂದು ತೀರ್ಮಾನಿಸಿದ್ದಾನೆ. ಪಾಪ, ಅವನಿಗಾದರೂ ಬೇರೇನು ಹೊಳೆದೀತು? ಸುಳ್ಳು ಬರೆದರೆ, ಅದನ್ನು ಸುಳ್ಳೆಂದು ಹಿಡಿದ ಜಾಣತನದ ಸುಖ ಇವನಿಗೆ. ನಿಜ ಬರೆದರೆ?

ಟೊರ್ಲೈಫನ ಎದೆಯೊಳಗೆ ಒಂದು ವರ್ಷದಿಂದ ಸಿಕ್ಕಿಕೊಂಡಿದ್ದ ನಗು ಸಡಿಲವಾಗಿ ಮೇಲೇಳತೊಡಗಿತು. ಅವನು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. ದಪ್ಪ ಅಕ್ಷರದಲ್ಲಿ, ಮಕ್ಕಳಿಗೂ ತಿಳಿಯುವಂತೆ, ನಿಜವಾದ ಪಾಕ ಬರೆದ. ಮದ್ದಿನ ಹೆಸರು, ತೂಕ, ಗುಂಡು ಕೂರುವ ಆಳ, ಕೇಪಿನ ಜಾತಿ, ಚಿಪ್ಪಿನಲ್ಲಿ ಹಿಡಿಯುವ ನೀರಿನ ತೂಕ, ಕೊನೆಗೆ ಸೋಪಿನ ಒಂದು ಹನಿ ಕೂಡ. ಕೆಳಗೆ ಎರಡು ಗೆರೆ ಎಳೆದು ಸೇರಿಸಿದ: "ಇದಕ್ಕಿಂತ ಒಂದು ಕಾಳೂ ಹೆಚ್ಚು ಹಾಕಬೇಡಿ." ಹಗೆ ಹಗೆಯೇ, ಆದರೂ ಹಾಲ್‌ಸ್ಟೈನನಿಗೆ ಹತ್ತೂ ಬೆರಳು ಇರಬೇಕು, ಇಲ್ಲದಿದ್ದರೆ ತಲೆ ಕೆರೆದುಕೊಳ್ಳುವುದು ಹೇಗೆ?

ಓಸ್ತಾ ಗಟ್ಟಿಯಾಗಿ ಓದಿದಳು. ಎದೆಯ ಜೇಬಿನ ಹಲಗೆಕಾಗದವನ್ನೂ ಟೊರ್ಲೈಫ್ ಕೊಟ್ಟ. ಅವಳು ಅದನ್ನು ಪುಟಕ್ಕೆ ಅಂಟಿಸಿದಳು. ಆಮೇಲೆ ಹಳೆಯ ಪುಟ ತಿರುವಿ, "ಹಾಲ್‌ಸ್ಟೈನ್, ನೀನೂ ಒಂದು ಹಲಗೆಕಾಗದ ತಂದುಕೊಡು, ನಿನ್ನ ಪುಟಕ್ಕೂ ಅಂಟಿಸೋಣ. ಬರೆದಿರೋ ಪಾಕದಿಂದಲೇ ಹಾರಿಸಿದ್ದು, ಆಯ್ತಾ?" ಎಂದಳು. ಹಾಲ್‌ಸ್ಟೈನ್ ಸರೋವರದ ಕಡೆ ನೋಡಿದ. ಈ ಸಲ ಜನ ನಕ್ಕದ್ದು ಅವನನ್ನು ನೋಡಿ. ಟೊರ್ಲೈಫ್ ಬೋಗುಣಿಯ ತಳದ ಸ್ಕ್ರೂ ತೆಗೆದು, ಬಿಯರು ತುಂಬಿಸಿ, ಕಣ್ಣುಮುಚ್ಚಿ ಕುಡಿದ. ಜಂತುಹುಳದ ಮಾತ್ರೆಯ ವಾಸನೆ ಸ್ವಲ್ಪ ಇತ್ತು. ಅಷ್ಟು ರುಚಿಯಾದ ಬಿಯರನ್ನು ಅವನು ಜೀವಮಾನದಲ್ಲಿ ಕುಡಿದಿರಲಿಲ್ಲ.

ಆ ಚಳಿಗಾಲ ಸಂಘದ ಆರು ಜನ ಪುಸ್ತಕದಲ್ಲಿದ್ದಂತೆಯೇ ತೋಟಾ ಕಟ್ಟಿದರು, ಆರೂ ಜನರ ಗುಂಡು ಒತ್ತಾಗಿ ಕೂತಿತು. ಏಳನೆಯವನೊಬ್ಬ ಮಾತ್ರ ಹಾಗೆ ಕಟ್ಟಲಿಲ್ಲ. ಪ್ರತಿ ಶನಿವಾರ ಗುಡ್ಡದಾಚೆಯಿಂದ ಅವನ ಬಂದೂಕಿನ ಸದ್ದು ಕೇಳುತ್ತಿತ್ತು: ಎರಡು ಸದ್ದು, ಉದ್ದನೆಯ ಮೌನ, ಮತ್ತೊಂದು ಸದ್ದು. ಟೊರ್ಲೈಫ್ ಕಿಟಕಿ ತೆರೆದಿಟ್ಟು, ಮಡಿಲಲ್ಲಿ ಕಾಫಿ ಇಟ್ಟುಕೊಂಡು ಕೇಳುತ್ತಿದ್ದ. ಬೋಗುಣಿಯನ್ನು ಖಾಲಿಯಾಗಿ ಕಪಾಟಿನ ಮೇಲಿಟ್ಟಿದ್ದ. ಅದರೊಳಗೆ ಗುನ್ವೋರ್ ಒಂದು ದಿನ ಕಾರಿನ ಬೀಗದ ಕೈ ಹಾಕಿದ್ದು ಕಂಡು ಬಾಯಿ ತೆರೆದವನು, ಸೋಪಿನ ಹನಿ ನೆನಪಾಗಿ ಮುಚ್ಚಿಕೊಂಡ.

ವಸಂತದಲ್ಲಿ ಆ ಮೂರು ಲೋಪಗಳ ಮರುತಪಾಸಣೆಗೆ ಹೋದಾಗ ಹಾಲ್‌ಸ್ಟೈನ್ ತಾನಾಗಿ ಬಾಗಿಲು ತೆರೆದ. ಬೋಗುಣಿ ಇದ್ದ ಮೇಜಿನ ಮೇಲೆ ಈಗ ಕಂಪ್ಯೂಟರ್ ಇತ್ತು. ಪರದೆಯ ಮೇಲೆ ಅದೇ ಪ್ರೋಗ್ರಾಂ, ಅದೇ ಹಸಿರು ಗೆರೆ. ಕಣ್ಣ ಕೆಳಗೆ ಮಸಿ ಬಳಿದಂತೆ ಕಪ್ಪಾಗಿತ್ತು ಅವನಿಗೆ.

"ನೀನು ಬರೆದದ್ದಕ್ಕಿಂತ ಮದ್ದಿನ ತೂಕ ಒಂದು ಗ್ರೈನ್ ಇಳಿಸಿ ನೋಡ್ದೆ, ಒಂದೂವರೆ ಇಳಿಸಿ ನೋಡ್ದೆ," ಎಂದ. "ಮದ್ದೇ ಬದಲಾಯಿಸಿ ನೋಡ್ದೆ. ಗುಂಡು ಮೇಲೆ ಎಳೆದು ನೋಡ್ದೆ. ನಳಿಗೆ ಸವೆದಿದೆಯೇನೋ ಅಂತ ಹೊಸದು ಹಾಕಿಸ್ದೆ."

"ಹೊಸದು ಹಾಕಿಸಿದ್ಯಾ?" ಎಂದ ಟೊರ್ಲೈಫ್. ಆ ಮಾತನ್ನು ಇನ್ನೊಮ್ಮೆ ಕೇಳುವ ಆಸೆಯಾಯಿತು ಅವನಿಗೆ.

"ಹೂಂ. ಈಗ ಹೇಳಿಬಿಡು ಮಾರಾಯ. ಆ ಪಾಕಾನ ಎಲ್ಲಿ ತಿರುಚಿದ್ದೀಯ?"

"ಎಲ್ಲೂ ಇಲ್ಲ. ಬರೆದದ್ದನ್ನ ಹಾಗೇ ಕಟ್ಟು."

"ಅದನ್ನೇ ಇದೂ ಹೇಳ್ತಿದೆ," ಎಂದು ಹಾಲ್‌ಸ್ಟೈನ್ ಪರದೆಗೆ ಬೆರಳು ಕುಟ್ಟಿದ. "ಪಾಕ ಸರಿಯಾಗಿದೆ ಅಂತಿದೆ. ಈ ಪ್ರೋಗ್ರಾಂನಲ್ಲೇ ಏನೋ ದೋಷ ಇರ್ಬೇಕು. ಅಲ್ವಾ?"

ಟೊರ್ಲೈಫ್ ಕುಂಚವನ್ನು ಹೆಗಲಿಗೇರಿಸಿದ. ಪರದೆಯತ್ತ ಬಗ್ಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದ.

"ಇದ್ರೂ ಇರಬಹುದು," ಎಂದು ಹೇಳಿ, ಹೊಸ ಮೆಟ್ಟಿಲು ಹಾಕಿಸಿದ್ದ ಏಣಿ ಹತ್ತಿ ಸೂರಿಗೆ ಹೋದ.